ಸಣ್ಣ ವಿಮಾನಕ್ಕೆ ರೇಡಿಯೋ ಕೂರಿಸೋದು ಹೇಗೆ? ಟ್ರ್ಯಾಕ್ಟರ್‌ಗೆ ಟೇಪ್ ಹಾಕಿದಷ್ಟು ಸುಲಭ ಅಲ್ಲ!

ಪಂಚನಹಳ್ಳಿ: ಹೋದ ವಾರ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡೀತಾ ನಿಂತಿದ್ದಾಗ ಮೇಲೆ ವಿಮಾನದ ಸದ್ದು ಬಂತು. ಪಕ್ಕದಲ್ಲಿದ್ದ ಪಿಯುಸಿ ಹುಡುಗ ಕತ್ತೆತ್ತಿ ನೋಡಿ, "ಅಣ್ಣ, ಅಷ್ಟು ಮೇಲೆ ಟವರ್ ಸಿಗುತ್ತಾ? ಪೈಲಟ್ ಕೆಳಗಿರೋರ ಜೊತೆ ಹೆಂಗೆ ಮಾತಾಡ್ತಾನೆ?" ಅಂತ ಕೇಳಿದ. "ರೇಡಿಯೋದಲ್ಲಿ ಕಣೋ" ಅಂದೆ. "ಅದನ್ನ ಯಾರು ಫಿಟ್ ಮಾಡ್ತಾರೆ? ನಮ್ಮ ಆಟೋ ಎಲೆಕ್ಟ್ರಿಷಿಯನ್ ಮಾಡಬಹುದಾ?" ಅಂದ. ಅಲ್ಲಿದ್ದವರೆಲ್ಲ ನಕ್ಕರು. ಆದರೆ ಪ್ರಶ್ನೆ ನಗೋ ಅಂಥದ್ದಲ್ಲ.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ ಏಳೆಂಟು ತಿಂಗಳು ಆಟೋ ಎಲೆಕ್ಟ್ರಿಷಿಯನ್ ಅಂಗಡಿಯೊಂದರಲ್ಲಿ ಕೆಲಸ ಮಾಡಿದವನು. ಟ್ರ್ಯಾಕ್ಟರ್, ಗೂಡ್ಸ್ ಆಟೋಗಳಿಗೆ ಟೇಪ್ ಹಾಕ್ತಿದ್ದೆ. ಹಾಗಾಗಿ ಈ ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಟ್ಟಿತು. ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯ್ತು. ವಿಮಾನದಲ್ಲಿ ರೇಡಿಯೋ ಕೂರಿಸೋದು ಅಷ್ಟು ದೊಡ್ಡ ಕೆಲಸ ಅಲ್ಲ. ಅದನ್ನು ಕೂರಿಸುವಾಗ ಪಕ್ಕದಲ್ಲಿರೋ ಇನ್ನೊಂದನ್ನು ಕೆಡಿಸದೇ ಇರೋದೇ ನಿಜವಾದ ಕೆಲಸ.

ನಮ್ಮ ರಾಜ್ಯದ ಸಣ್ಣ ವಿಮಾನಗಳು

ಸಣ್ಣ ವಿಮಾನ ಅಂದ್ರೆ ಇಬ್ಬರು ಅಥವಾ ನಾಲ್ವರು ಕೂರುವ, ಒಂದೇ ಎಂಜಿನ್ ಇರುವ ವಿಮಾನ. ಇದನ್ನು ನೋಡೋಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದ್ರೆ ಎನ್‌ಎಎಲ್, 'ಹಂಸ' ಅನ್ನೋ ಎರಡು ಸೀಟಿನ ತರಬೇತಿ ವಿಮಾನವನ್ನು ಇಲ್ಲೇ ವಿನ್ಯಾಸ ಮಾಡಿ ತಯಾರಿಸಿತು. ಅದು ಮೊದಲು ಹಾರಿದ್ದು 1993ರ ನವೆಂಬರ್‌ನಲ್ಲಿ. 'ಹಂಸ-3' ಮಾದರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪ್ರಮಾಣಪತ್ರ 2000ದಲ್ಲಿ ಸಿಕ್ಕಿತು. ದೇಶದ ಹಲವು ಫ್ಲೈಯಿಂಗ್ ಕ್ಲಬ್‌ಗಳಿಗೆ ಅದು ಹೋಯಿತು. ಇದರ ಹೊಸ ರೂಪ 'ಹಂಸ-ಎನ್‌ಜಿ' 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಸಲ ಹಾರಿತು. ಹಳೇ ಮಾದರಿಯಲ್ಲಿ ಮುಳ್ಳು ಇರೋ ಗಡಿಯಾರದಂಥ ಮೀಟರ್‌ಗಳಿದ್ದರೆ, ಹೊಸದರಲ್ಲಿ ಮೊಬೈಲ್ ಸ್ಕ್ರೀನ್ ಥರದ ಡಿಸ್‌ಪ್ಲೇಗಳಿವೆ.

ಹಂಸದ ಮೈ ತಗಡಿನದಲ್ಲ, ಫೈಬರ್‌ನದು. ಈ ಮಾತು ನೆನಪಿರಲಿ, ಮುಂದೆ ಎರಡು ಕಡೆ ಬೇಕಾಗುತ್ತೆ.

ರೇಡಿಯೋ ಕೆಟ್ಟರೆ ಏನಾಗುತ್ತೆ?

ಜಕ್ಕೂರಿನ ಸುತ್ತಮುತ್ತಲೇ ಯಲಹಂಕ ವಾಯುನೆಲೆ ಇದೆ, ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಇದೆ. ಯಾವ ವಿಮಾನ ಎಲ್ಲಿ, ಎಷ್ಟು ಎತ್ತರದಲ್ಲಿ ಇರಬೇಕು ಅನ್ನೋದು ಮಾತಿನಲ್ಲೇ ತೀರ್ಮಾನ ಆಗುತ್ತೆ. ಮಾತು ಕೇಳದಿದ್ದರೆ ಒಬ್ಬರಿಗೊಬ್ಬರು ಅಡ್ಡ ಬರೋ ಅಪಾಯ.

ರೇಡಿಯೋ ಪೂರ್ತಿ ಸತ್ತರೆ ಅದಕ್ಕೂ ದಾರಿ ಇದೆ. ಪೈಲಟ್ ತನ್ನ ಟ್ರಾನ್ಸ್‌ಪಾಂಡರ್ ಅನ್ನೋ ಪೆಟ್ಟಿಗೆಯಲ್ಲಿ 7600 ಅಂತ ಒತ್ತಿದರೆ, ಕೆಳಗೆ ರಾಡಾರ್ ನೋಡ್ತಾ ಇರೋರಿಗೆ 'ಇವನ ರೇಡಿಯೋ ಕೆಟ್ಟಿದೆ' ಅಂತ ಗೊತ್ತಾಗುತ್ತೆ. ಟವರ್‌ನಿಂದ ಬೆಳಕಿನ ಸನ್ನೆ ಮಾಡ್ತಾರೆ. ಹಸಿರು ಬೆಳಕು ಮಿನುಗದೆ ನಿಂತಿದ್ದರೆ ಇಳಿಯಬಹುದು ಅಂತ ಅರ್ಥ. ಕೆಂಪು ನಿಂತಿದ್ದರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಾ ಇರು ಅಂತ. ಆದರೆ ಮೊದಲ ಸಲ ಒಂಟಿಯಾಗಿ ಹಾರುತ್ತಿರೋ ಇಪ್ಪತ್ತು ವರ್ಷದ ಹುಡುಗ ಹುಡುಗಿಯರಿಗೆ ಕಿವಿಯಲ್ಲಿ ಒಂದು ಧ್ವನಿ ಇರೋದಕ್ಕೂ, ಇಲ್ಲದಿರೋದಕ್ಕೂ ವ್ಯತ್ಯಾಸ ನೀವೇ ಊಹಿಸಿ.

ಎಫ್‌ಎಂ ಪಕ್ಕದ ಮನೆ

ನಮ್ಮ ಎಫ್‌ಎಂ ರೇಡಿಯೋದ ಮುಳ್ಳು 108 ಮೆಗಾಹರ್ಟ್ಸ್‌ಗೆ ನಿಂತುಬಿಡುತ್ತೆ. ಅಲ್ಲಿಂದ 118ರವರೆಗೆ ವಿಮಾನಕ್ಕೆ ದಾರಿ ತೋರಿಸೋ ಸಿಗ್ನಲ್‌ಗಳಿವೆ. 118ರಿಂದ 137ರವರೆಗಿನದು ವಿಮಾನದವರು ಮಾತಾಡೋ ಜಾಗ. ಅದರಲ್ಲಿ 121.5 ಅನ್ನೋದು ಅಪಾಯದ ಸಮಯಕ್ಕೆ ಅಂತಲೇ ಜಗತ್ತಿನಾದ್ಯಂತ ಮೀಸಲು.

ಇನ್ನೊಂದು ವಿಶೇಷ ಇದೆ. ಹಾಡಿಗೆ ಎಫ್‌ಎಂ ಚೆನ್ನಾಗಿರುತ್ತೆ, ಆದರೆ ವಿಮಾನದವರು ಇವತ್ತಿಗೂ ಹಳೇ ಆಕಾಶವಾಣಿ ಥರ ಎಎಂ ವಿಧಾನವನ್ನೇ ಬಳಸ್ತಾರೆ. ಯಾಕೆ? ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾಗಿರೋ ಸಿಗ್ನಲ್ ಮಾತ್ರ ಕೇಳುತ್ತೆ, ಇನ್ನೊಬ್ಬ ಮಾತಾಡಿದ್ದೇ ಗೊತ್ತಾಗಲ್ಲ. ಎಎಂನಲ್ಲಿ ಹಾಗಾದಾಗ 'ಕೀಂಯ್' ಅಂತ ಶಿಳ್ಳೆ ಬರುತ್ತೆ. ಮಾತು ಸ್ಪಷ್ಟ ಇಲ್ಲದಿದ್ದರೂ ಇನ್ನೊಬ್ಬ ಇದ್ದಾನೆ ಅನ್ನೋದು ತಿಳಿಯುತ್ತೆ. ಮತ್ತೆ ಕೇಳಿ ಖಾತ್ರಿ ಮಾಡ್ಕೋಬಹುದು.

ಈ ಅಲೆಗಳು ನೆಟ್ಟಗೆ ಹೋಗ್ತವೆ, ಬೆಟ್ಟ ಅಡ್ಡ ಬಂದರೆ ನಿಂತುಹೋಗ್ತವೆ. ಬಯಲಿನ ಮೇಲೆ 3,000 ಅಡಿ ಎತ್ತರದಲ್ಲಿದ್ದರೆ ಲೆಕ್ಕದ ಪ್ರಕಾರ ಸುಮಾರು 120 ಕಿ.ಮೀ. ದೂರ ಕೇಳಬಹುದು. ಅದೇ ವಿಮಾನ ಬಾಬಾಬುಡನ್‌ಗಿರಿ ಸಾಲಿನ ಆಚೆ ಬದಿಗೆ ಕೆಳಗಿಳಿದರೆ ಈಚೆಗೆ ಮಾತು ಸಿಗೋದು ಕಷ್ಟ.

ಪ್ಯಾನಲ್ ಮೇಲೆ ಜಾಗದ ಜಗಳ

ಪೈಲಟ್ ಮುಂದೆ ಇರೋ ಮೀಟರ್‌ಗಳ ಹಲಗೆಯೇ ಪ್ಯಾನಲ್. ನಮ್ಮ ತೋಟದ ಮೋಟಾರ್ ಮನೆಯ ಪ್ಯಾನಲ್ ಬೋರ್ಡ್‌ಗೆ ಅಣ್ಣ ಅಂದ್ಕೊಳ್ಳಿ. ಎಡಗಡೆ ಪೈಲಟ್ ಕಣ್ಣ ನೇರಕ್ಕೆ ವೇಗ, ಎತ್ತರ, ಓಲಾಟ, ದಿಕ್ಕು ತೋರಿಸೋ ಮೀಟರ್‌ಗಳು. ಬಲಗಡೆ ಸಾಮಾನ್ಯವಾಗಿ ಎಂಜಿನ್‌ನ ಆಯಿಲ್, ಬಿಸಿ, ಇಂಧನದ ಮೀಟರ್‌ಗಳು. ನಡುವೆ ಇಬ್ಬರ ಕೈಗೂ ಸಿಗೋ ಹಾಗೆ ರೇಡಿಯೋ.

ಮೀಟರ್‌ಗಳ ತೂತಿಗೆ ಅಳತೆ ಗೊತ್ತಾಗಿದೆ. ದೊಡ್ಡದು ಮೂರೂ ಕಾಲು ಇಂಚಿಗೆ ಸ್ವಲ್ಪ ಕಡಿಮೆ, ಸುಮಾರು 79 ಮಿ.ಮೀ. ಚಿಕ್ಕದು ಎರಡೂ ಕಾಲು ಇಂಚು, ಅಂದ್ರೆ 57 ಮಿ.ಮೀ. ರೇಡಿಯೋದಲ್ಲಿ ಎರಡು ಥರ. ಒಂದು ಈ ಚಿಕ್ಕ ದುಂಡು ತೂತಿಗೇ ಕೂರೋದು. ಇನ್ನೊಂದು ಆರೂ ಕಾಲು ಇಂಚು ಅಗಲದ ಉದ್ದ ಪೆಟ್ಟಿಗೆ. ಇದಕ್ಕೆ ಮೊದಲು ಒಂದು ತಗಡಿನ ಗೂಡು ಕೂರಿಸಿ, ಅದರೊಳಗೆ ಮೇಜಿನ ಡ್ರಾಯರ್ ತಳ್ಳಿದ ಹಾಗೆ ರೇಡಿಯೋ ತಳ್ಳಿ ಲಾಕ್ ಮಾಡ್ತಾರೆ.

ಮುಂದಿನಿಂದ ನೋಡಿದರೆ ಜಾಗ ಇರುತ್ತೆ, ಹಿಂದೆ ನೋಡಿದರೆ ಇರಲ್ಲ. ಪ್ಯಾನಲ್ ಹಿಂಭಾಗದಲ್ಲಿ ಗಾಳಿಯ ಪೈಪು, ಕೇಬಲ್ಲು, ಕೆಲವು ವಿಮಾನಗಳಲ್ಲಿ ರೆಕ್ಕೆ ಬಾಲ ತಿರುಗಿಸೋ ಸರಳುಗಳೂ ಹಾದುಹೋಗಿರುತ್ತವೆ. ಅದಕ್ಕೇ ಕೂರಿಸಿದ ಮೇಲೆ ಸ್ಟಿಕ್ಕನ್ನು ಎಲ್ಲ ದಿಕ್ಕಿಗೂ ಕೊನೆಯವರೆಗೆ ಎಳೆದು ನೋಡಲೇಬೇಕು. ಒಂದು ವೈರ್ ಕಟ್ಟು ಜೋತುಬಿದ್ದು ಸರಳಿಗೆ ಸಿಕ್ಕಿಕೊಂಡರೆ ಆಗ ಕೆಡೋದು ರೇಡಿಯೋ ಅಲ್ಲ, ವಿಮಾನ ತಿರುಗೋದೇ ನಿಲ್ಲುತ್ತೆ.

ಬಿಸಿ ಹೋಗೋಕೂ ಜಾಗ ಬಿಡಬೇಕು. ಎರಡು ಪೆಟ್ಟಿಗೆ ಒಂದರ ಮೇಲೊಂದು ಒತ್ತಿ ಕೂರಿಸಿದರೆ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ವಿಮಾನದಲ್ಲಿ ರೇಡಿಯೋ ಆಯಸ್ಸು ಕಮ್ಮಿ ಆಗುತ್ತೆ.

ಬ್ರೇಕರ್ ಇರೋದು ಯಾರನ್ನ ಕಾಪಾಡೋಕೆ?

ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಇರೋದು ನಮ್ಮ ಕಾರಿನ ಥರದ್ದೇ 12 ವೋಲ್ಟ್ ಬ್ಯಾಟರಿ, ಜೊತೆಗೆ ಆಲ್ಟರ್ನೇಟರ್. ರೇಡಿಯೋ ಬರೀ ಕೇಳಿಸ್ಕೊಳ್ಳುವಾಗ ತುಂಬಾ ಕಮ್ಮಿ ಕರೆಂಟ್ ಎಳೆಯುತ್ತೆ. ಬಟನ್ ಒತ್ತಿ ಮಾತಾಡುವಾಗ ಅದರ ಹಲವು ಪಟ್ಟು ಬೇಕು. ವೈರ್ ದಪ್ಪ, ಬ್ರೇಕರ್ ಅಳತೆ ಎರಡನ್ನೂ ಲೆಕ್ಕ ಹಾಕೋದು ಈ ಮಾತಾಡೋ ಹೊತ್ತಿನ ಕರೆಂಟ್ ಮೇಲೆ. ಇರೋ ಲೈಟು, ಪಂಪು, ಮೀಟರ್ ಎಲ್ಲದರ ಜೊತೆ ಇದನ್ನೂ ಆಲ್ಟರ್ನೇಟರ್ ಹೊರುತ್ತಾ ಅಂತ ಮೊದಲೇ ಕೂಡಿ ನೋಡ್ತಾರೆ.

ನಾನು ಅಂಗಡಿಯಲ್ಲಿದ್ದಾಗ ಫ್ಯೂಸ್ ಇರೋದು ಟೇಪ್ ಸುಡದೇ ಇರಲಿ ಅಂತ ಅಂದ್ಕೊಂಡಿದ್ದೆ. ತಪ್ಪು. ಮುಖ್ಯವಾಗಿ ಅದು ಕಾಪಾಡೋದು ವೈರನ್ನು. ಎಲ್ಲೋ ಶಾರ್ಟ್ ಆದರೆ ವೈರ್ ಕಾದು ಬೆಂಕಿ ಹತ್ತೋ ಮೊದಲೇ ಬ್ರೇಕರ್ ಬೀಳಬೇಕು. ಟ್ರ್ಯಾಕ್ಟರ್‌ನಲ್ಲಿ ಹೊಗೆ ಬಂದರೆ ಕೆಳಗೆ ಹಾರಬಹುದು. 3,000 ಅಡಿ ಮೇಲೆ ಎಲ್ಲಿಗೆ ಹಾರ್ತೀರಿ?

ಅದಕ್ಕೇ ನಾವು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ತರೋ ಪಿವಿಸಿ ವೈರ್ ಅಲ್ಲಿ ನಡೆಯಲ್ಲ. ಅದು ಸುಟ್ಟರೆ ದಟ್ಟ ವಿಷದ ಹೊಗೆ. ವಿಮಾನಕ್ಕೆ ಟೆಫ್‌ಝೆಲ್ ಅನ್ನೋ ಹೊದಿಕೆ ಇರೋ, ತವರ ಲೇಪಿಸಿದ ಸಣ್ಣ ಎಳೆಗಳ ತಾಮ್ರದ ವೈರ್ ಬಳಸ್ತಾರೆ. ಒಂದೇ ಗಟ್ಟಿ ಎಳೆಯ ವೈರ್ ಅದುರಿ ಅದುರಿ ಮುರಿಯುತ್ತೆ. ತುದಿಗಳನ್ನು ಸುತ್ತಿ ಟೇಪ್ ಹಾಕೋ ಮಾತೇ ಇಲ್ಲ. ಸರಿಯಾದ ಅಳತೆಯ ಪಿನ್ ಇಟ್ಟು, ಅದಕ್ಕೆಂದೇ ಇರೋ ಇಕ್ಕಳದಲ್ಲಿ ಕ್ರಿಂಪ್ ಮಾಡಿ, ಎಳೆದು ಪರೀಕ್ಷೆ ಮಾಡ್ತಾರೆ. ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆ ಅಂಚಿಗೆ ರಬ್ಬರ್ ಹಾಕ್ತಾರೆ.

ಇನ್ನೊಂದು ಸ್ವಿಚ್ ಇದೆ, ಎಲ್ಲ ರೇಡಿಯೋಗಳಿಗೂ ಸೇರಿ ಒಂದೇ. ಎಂಜಿನ್ ಸ್ಟಾರ್ಟ್ ಮಾಡುವಾಗ ಅದು ಆಫ್ ಇರಬೇಕು. ಸೆಲ್ಫ್ ಹೊಡೆದಾಗ ಕಾರಿನ ಲೈಟು ಡಿಮ್ ಆಗೋದು ನೋಡಿದ್ದೀರಲ್ಲ? ವೋಲ್ಟೇಜಿನ ಆ ಏರಿಳಿತ ರೇಡಿಯೋಗೆ ತಟ್ಟಬಾರದು.

ನನ್ನ 'ಕುಂಯ್' ಪಾಠ

ಒಂದ್ಸಲ ಒಬ್ಬ ರೈತರ ಟ್ರ್ಯಾಕ್ಟರ್‌ಗೆ ನಾನೇ ಟೇಪ್ ಹಾಕಿದ್ದೆ. ಅರ್ಥ್ ವೈರನ್ನು ಹತ್ತಿರ ಸಿಕ್ಕಿದ ತುಕ್ಕು ಹಿಡಿದ ಬೋಲ್ಟಿಗೆ ಬಿಗಿದಿದ್ದೆ. ಅವತ್ತು ರಾತ್ರಿಯೇ ಫೋನ್. "ಏನಪ್ಪಾ ಇದು, ಹಾಡಿಗಿಂತ ಕುಂಯ್ ಅನ್ನೋದೇ ಜಾಸ್ತಿ. ರೈಸ್ ಮಾಡಿದ್ರೆ ಅದೂ ರೈಸ್ ಆಗುತ್ತೆ!" ಆಲ್ಟರ್ನೇಟರ್ ಸದ್ದು ಸ್ಪೀಕರ್‌ಗೆ ಬರ್ತಿತ್ತು. ಮರುದಿನ ಅರ್ಥನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಎಳೆದ ಮೇಲೆ ನಿಂತಿತು. ತಪ್ಪು ನಂದೇ.

ವಿಮಾನದಲ್ಲೂ ಇದೇ ತೊಂದರೆ, ಆದರೆ ಅಲ್ಲಿ ಕುಂಯ್ ಸದ್ದಿನ ಕೆಳಗೆ ಮುಚ್ಚಿಹೋಗೋದು ಹಾಡಲ್ಲ, ಟವರ್‌ನವರ ಮಾತು. ಅದಕ್ಕೆ ಮೂರು ಎಚ್ಚರ ವಹಿಸ್ತಾರೆ.

ಒಂದು, ಮೈಕ್ ಮತ್ತು ಹೆಡ್‌ಫೋನ್ ವೈರ್‌ಗಳ ಮೇಲೆ ಜಾಲರಿ ಹೊದಿಕೆ ಇರುತ್ತೆ. ಅದನ್ನು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಅರ್ಥ್ ಮಾಡ್ತಾರೆ. ಎರಡೂ ತುದಿ ಅರ್ಥ್ ಆದರೆ ಅದೇ ಒಂದು ಸುತ್ತು ದಾರಿಯಾಗಿ ಬೇಡದ ಕರೆಂಟ್ ಹರಿಯುತ್ತೆ, ಸದ್ದು ಬರುತ್ತೆ.

ಎರಡು, ಹೆಡ್‌ಫೋನ್ ಚುಚ್ಚೋ ತೂತು ಪ್ಯಾನಲ್ ತಗಡಿಗೆ ತಾಗದ ಹಾಗೆ ನಡುವೆ ಕರೆಂಟ್ ಹಾಯದ ವಾಷರ್ ಹಾಕ್ತಾರೆ. ಎರಡು ರೂಪಾಯಿ ಸಾಮಾನಿನಂತೆ ಕಾಣುತ್ತೆ, ಅದನ್ನು ಮರೆತರೆ ಇಡೀ ಕೆಲಸ ಬಿಚ್ಚಬೇಕು.

ಮೂರು, ಎಲ್ಲ ಅರ್ಥ್‌ಗಳೂ ಒಂದು ಕಡೆ ಬಂದು ಸೇರಬೇಕು. ತಗಡಿನ ವಿಮಾನದಲ್ಲಿ ಮೈಯನ್ನೇ ಅರ್ಥ್ ಆಗಿ ಬಳಸಬಹುದು. ಹಂಸದಂಥ ಫೈಬರ್ ವಿಮಾನದಲ್ಲಿ ಮೈಯಲ್ಲಿ ಕರೆಂಟ್ ಹರಿಯಲ್ಲ. ಹೋಗೋಕೆ ಒಂದು ವೈರ್ ಇದ್ದರೆ ವಾಪಸ್ ಬರೋಕೂ ಒಂದು ಎಳೀಬೇಕು.

ಸಿಕ್ಕಿಕೊಂಡ ಬಟನ್

ಮಾತಾಡೋ ಬಟನ್ ಸಾಮಾನ್ಯವಾಗಿ ಸ್ಟಿಕ್ ಮೇಲೆಯೇ ಇರುತ್ತೆ. ಒತ್ತಿದಾಗ ಒಂದು ವೈರ್ ಅರ್ಥ್‌ಗೆ ಸೇರುತ್ತೆ, ರೇಡಿಯೋ ಕೇಳೋದನ್ನು ಬಿಟ್ಟು ಕಳಿಸೋಕೆ ಶುರು ಮಾಡುತ್ತೆ. ಅಷ್ಟೇ. ಆದರೆ ಸ್ಟಿಕ್ ದಿನಾ ಸಾವಿರ ಸಲ ಅಲ್ಲಾಡುತ್ತೆ. ಅದರೊಳಗಿನ ವೈರ್ ಸಿಪ್ಪೆ ಸವೆದು ಲೋಹಕ್ಕೆ ತಾಗಿದರೆ ಯಾರೂ ಒತ್ತದಿದ್ದರೂ ರೇಡಿಯೋ ಕಳಿಸ್ತಾನೇ ಇರುತ್ತೆ. ಆ ಚಾನೆಲ್‌ನಲ್ಲಿ ಇರೋ ಬೇರೆ ಎಲ್ಲರ ಮಾತೂ ಬಂದ್. ಒಂದು ವಿಮಾನದ ವೈರ್ ತಪ್ಪಿಗೆ ಆಕಾಶದಲ್ಲಿರೋ ಉಳಿದವರೂ ಕಿವುಡರಾಗ್ತಾರೆ. ಹಾಗಾಗಿ ಅಲ್ಲಿ ವೈರ್ ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಟ್ಟು, ಉಜ್ಜದ ಹಾಗೆ ಕಟ್ಟೋದು ಮುಖ್ಯ.

ಡಿಶ್ ಕೇಬಲ್ ಯಾಕೆ ಆಗಲ್ಲ?

ಆಂಟೆನಾ ಸರಿ ಇಲ್ಲದಿದ್ದರೆ ಎಷ್ಟು ದುಬಾರಿ ರೇಡಿಯೋ ಇದ್ದರೂ ದಂಡ. ಉದ್ದದ ಲೆಕ್ಕ ಸುಲಭ. 300ನ್ನು 127ರಿಂದ ಭಾಗಿಸಿ. ಅಲೆಯ ಉದ್ದ ಸುಮಾರು 2.36 ಮೀಟರ್ ಬರುತ್ತೆ. ಅದರ ಕಾಲು ಭಾಗ, ಅಂದ್ರೆ ಹತ್ತಿರ ಹತ್ತಿರ 59 ಸೆಂ.ಮೀ. ಎರಡು ಅಡಿಗೆ ಸ್ವಲ್ಪ ಕಮ್ಮಿ ಇರೋ ಕಡ್ಡಿ.

ಈ ಕಡ್ಡಿಗೆ ಕೆಳಗೆ ಲೋಹದ ಹಾಸು ಬೇಕು. ತಗಡಿನ ವಿಮಾನದಲ್ಲಿ ಮೈಯೇ ಹಾಸು. ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ ಕೂರಿಸಿದರೆ ಆಯ್ತು. ಫೈಬರ್ ವಿಮಾನದಲ್ಲಿ ಹಾಸು ಇರಲ್ಲ, ಹಾಗಾಗಿ ಒಳಗಡೆ ತಾಮ್ರದ ಪಟ್ಟಿ ಅಥವಾ ತಗಡನ್ನು ಬೇರೆಯಾಗಿ ಅಂಟಿಸ್ತಾರೆ. ಮೈಗೆ ತೂತು ಕೊರೆದ ಜಾಗ ದುರ್ಬಲ ಆಗುತ್ತೆ, ಒಳಗಿನಿಂದ ಇನ್ನೊಂದು ಪಟ್ಟಿ ಕೊಟ್ಟು ಗಟ್ಟಿ ಮಾಡ್ತಾರೆ.

ಇನ್ನು ಕೇಬಲ್. ನಮ್ಮ ಮನೆಯ ಡಿಶ್ ಕೇಬಲ್ ನೋಡೋಕೆ ಹಾಗೇ ಇರುತ್ತೆ. ಆದರೆ ಡಿಶ್‌ನದು 75 ಓಮ್, ವಿಮಾನದ ರೇಡಿಯೋಗೆ ಬೇಕಾದ್ದು 50 ಓಮ್. ಎರಡು ಇಂಚು ಪೈಪಿಗೆ ಒಂದೂವರೆ ಇಂಚು ಪೈಪ್ ಜೋಡಿಸಿದರೆ ನೀರು ಹಿಂದಕ್ಕೆ ಒತ್ತಲ್ವಾ, ಹಾಗೆ ಹೊಂದದ ಕಡೆ ಶಕ್ತಿಯ ಒಂದು ಪಾಲು ರೇಡಿಯೋಗೇ ವಾಪಸ್ ಬರುತ್ತೆ. ಎಷ್ಟು ವಾಪಸ್ ಬರ್ತಿದೆ ಅಂತ ಅಳೆಯೋಕೆ ಮೀಟರ್ ಇದೆ. ತುಂಬಾ ಬಂದರೆ ಮಾತು ದೂರ ಹೋಗಲ್ಲ, ರೇಡಿಯೋಗೂ ಪೆಟ್ಟು.

ದಿಕ್ಸೂಚಿ ಕೆಟ್ಟರೆ ಕಡೂರೇ ತಪ್ಪುತ್ತೆ

ಎಲ್ಲಕ್ಕಿಂತ ನನಗೆ ಅಚ್ಚರಿ ಆಗಿದ್ದು ಇದು. ಎಷ್ಟೇ ಹೊಸ ಸ್ಕ್ರೀನ್ ಬಂದರೂ ವಿಮಾನದಲ್ಲಿ ಕರೆಂಟ್ ಬೇಡದ ಒಂದು ಸಾದಾ ದಿಕ್ಸೂಚಿ ಇದ್ದೇ ಇರುತ್ತೆ. ಎಲ್ಲ ಕೈಕೊಟ್ಟಾಗ ಅದೇ ಗತಿ. ಹೊಸ ರೇಡಿಯೋದ ಕಬ್ಬಿಣದ ಭಾಗ, ಕರೆಂಟ್ ಹರಿಯೋ ವೈರ್ ಎರಡೂ ಅದರ ಮುಳ್ಳನ್ನು ಎಳೀಬಹುದು. ಪೈಲಟ್‌ಗೆ ಅದು ಗೊತ್ತೇ ಆಗಲ್ಲ.

ಲೆಕ್ಕ ನೋಡಿ. ಮುಳ್ಳು 10 ಡಿಗ್ರಿ ತಪ್ಪು ತೋರಿಸ್ತಿದೆ ಅಂದ್ಕೊಳ್ಳಿ. 60 ಕಿ.ಮೀ. ಹಾರೋ ಹೊತ್ತಿಗೆ ಸುಮಾರು 10 ಕಿ.ಮೀ. ಪಕ್ಕಕ್ಕೆ ಹೋಗಿರ್ತೀರಿ. ಕಡೂರಿನ ಮೇಲೆ ಹೋಗ್ತೀನಿ ಅಂದ್ಕೊಂಡವರಿಗೆ ಕಡೂರು ಕಾಣೋದೇ ಇಲ್ಲ. ಬಯಲು ಸೀಮೆಯಲ್ಲಾದರೆ ಹೇಗೋ ಆಗುತ್ತೆ. ಮಂಜು ಮುಸುಕಿದ ದಿನ 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿ ಪಕ್ಕದಲ್ಲಿದ್ದರೆ?

ಅದಕ್ಕೇ ಕೆಲಸ ಮುಗಿದ ಮೇಲೆ ವಿಮಾನವನ್ನು ಬಯಲಿಗೆ ತಂದು, ಎಂಜಿನ್ ಓಡಿಸಿ, ರೇಡಿಯೋ ಆನ್ ಮಾಡಿ, ಗೊತ್ತಿರೋ ದಿಕ್ಕುಗಳಿಗೆ 30 ಡಿಗ್ರಿಗೊಮ್ಮೆ ತಿರುಗಿಸಿ ನಿಲ್ಲಿಸಿ ತಪ್ಪು ಎಷ್ಟು ಅಂತ ಬರೀತಾರೆ. ತಿದ್ದೋಕಾದಷ್ಟು ತಿದ್ದಿ, ಉಳಿದಿದ್ದನ್ನು ಒಂದು ಚಿಕ್ಕ ಕಾರ್ಡ್‌ನಲ್ಲಿ ಬರೆದು ದಿಕ್ಸೂಚಿ ಹತ್ತಿರವೇ ಅಂಟಿಸ್ತಾರೆ. ಜೊತೆಗೆ ಬಟನ್ ಒತ್ತಿ ಮಾತಾಡುವಾಗ ಬೇರೆ ಯಾವ ಮೀಟರ್ ಮುಳ್ಳಾದ್ರೂ ಕುಣಿಯುತ್ತಾ ಅಂತ ಒಂದೊಂದಾಗಿ ನೋಡ್ತಾರೆ.

ಎರಡು ಕೆ.ಜಿ. ತೂಕಕ್ಕೂ ಲೆಕ್ಕ

ವಿಮಾನ ತಕ್ಕಡಿ ಇದ್ದ ಹಾಗೆ. ರೇಡಿಯೋ, ಗೂಡು, ವೈರ್, ಆಂಟೆನಾ ಎಲ್ಲ ಸೇರಿ ಎರಡು ಮೂರು ಕೆ.ಜಿ. ಇರಬಹುದು. ಅದು ಎಷ್ಟಿದೆ ಅನ್ನೋದರ ಜೊತೆ ಎಲ್ಲಿದೆ ಅನ್ನೋದೂ ಮುಖ್ಯ. ನಡುಮಧ್ಯೆ ಇಟ್ಟ ಎರಡು ಕೆ.ಜಿ.ಗೂ ಬಾಲದ ತುದಿಗೆ ಇಟ್ಟ ಎರಡು ಕೆ.ಜಿ.ಗೂ ಬಹಳ ವ್ಯತ್ಯಾಸ. ಬಾಲ ಭಾರ ಆದರೆ ವಿಮಾನ ಹಿಡಿತಕ್ಕೆ ಸಿಗೋದು ಕಷ್ಟ. ಹಳೇದು ತೆಗೆದ ತೂಕ, ಹೊಸದು ಹಾಕಿದ ತೂಕ ಎರಡನ್ನೂ ದೂರದಿಂದ ಗುಣಿಸಿ ಹೊಸ ಲೆಕ್ಕ ಬರೆದಿಡ್ತಾರೆ.

ಸಹಿ ಇಲ್ಲದೆ ಹಾರೋ ಹಾಗಿಲ್ಲ

ಟ್ರ್ಯಾಕ್ಟರ್‌ಗೆ ಟೇಪ್ ಹಾಕೋಕೆ ಯಾರನ್ನೂ ಕೇಳಬೇಕಿಲ್ಲ. ವಿಮಾನಕ್ಕೆ ಹಾಗಲ್ಲ. ಮಾನ್ಯತೆ ಇರೋ ರೇಡಿಯೋ ಆಗಿರಬೇಕು, ಆ ಮಾದರಿಗೆ ಬದಲಾವಣೆಗೆ ಒಪ್ಪಿಗೆ ಇರಬೇಕು, ಲೈಸೆನ್ಸ್ ಇರೋ ವಿಮಾನ ನಿರ್ವಹಣಾ ಎಂಜಿನಿಯರ್ ಪರೀಕ್ಷಿಸಿ ಲಾಗ್ ಬುಕ್‌ನಲ್ಲಿ ಸಹಿ ಹಾಕಬೇಕು. ವಿಮಾನದಲ್ಲಿರೋ ರೇಡಿಯೋಗೆ ಕೇಂದ್ರದ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಲೈಸೆನ್ಸ್ ಬೇರೆ ಬೇಕು. ಮಾತಾಡೋ ಪೈಲಟ್ ಕೂಡ ರೇಡಿಯೋ ಪರೀಕ್ಷೆ ಪಾಸಾಗಿರಬೇಕು. ಈ ಪರೀಕ್ಷೆ ಮೊದಲು ದೂರಸಂಪರ್ಕ ಇಲಾಖೆ ಕೈಯಲ್ಲಿತ್ತು. 2024ರ ಭಾರತೀಯ ವಾಯುಯಾನ ಅಧಿನಿಯಮದಲ್ಲಿ ಡಿಜಿಸಿಎಗೆ ವಹಿಸಿದ್ದಾರೆ.

ಕಾಗದದ ಕಾಟ ಅನ್ನಿಸಬಹುದು. ಆದರೆ ಆ ಸಹಿ ಅಂದ್ರೆ 'ಬ್ರೇಕರ್, ಅರ್ಥ್, ಬಟನ್, ಆಂಟೆನಾ, ದಿಕ್ಸೂಚಿ, ತೂಕ ಎಲ್ಲ ನಾನು ನೋಡಿದ್ದೀನಿ, ಹೊಣೆ ನಂದು' ಅಂತ. ನನ್ನ ತುಕ್ಕು ಬೋಲ್ಟಿನ ಕೆಲಸಕ್ಕೆ ಅಂಥ ಒಂದು ಸಹಿ ಬೇಕಿದ್ದರೆ ನಾನು ಅದನ್ನ ಹಾಗೆ ಬಿಗಿದು ಬರ್ತಾನೇ ಇರಲಿಲ್ಲ.

ನಮ್ಮ ಹುಡುಗರು ಮಾಡಬಹುದಾ?

ಈಗ ಟೀ ಅಂಗಡಿ ಹುಡುಗನ ಪ್ರಶ್ನೆಗೆ ಬರೋಣ. ಊರಿನ ಆಟೋ ಎಲೆಕ್ಟ್ರಿಷಿಯನ್ ನೇರವಾಗಿ ವಿಮಾನಕ್ಕೆ ಕೈ ಹಾಕೋ ಹಾಗಿಲ್ಲ. ಆದರೆ ಈ ಕೆಲಸಕ್ಕೆ ಹೋಗೋಕೆ ಎಂಜಿನಿಯರಿಂಗ್ ಡಿಗ್ರಿಯೇ ಬೇಕು ಅಂತ ಇಲ್ಲ. ವಿಮಾನ ನಿರ್ವಹಣಾ ಎಂಜಿನಿಯರ್ ಕೋರ್ಸಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿದ್ದರೆ ಸೇರಬಹುದು. ಅದರಲ್ಲಿ ಬಿ2 ಅನ್ನೋ ವಿಭಾಗ ಪೂರ್ತಿ ರೇಡಿಯೋ, ವೈರಿಂಗ್, ಮೀಟರ್‌ಗಳದ್ದೇ. ಸೇರೋ ಮುಂಚೆ ಆ ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯಾ ಅಂತ ಡಿಜಿಸಿಎ ವೆಬ್‌ಸೈಟ್‌ನಲ್ಲೇ ನೋಡ್ಕೊಳ್ಳಿ. ಕೋರ್ಸ್ ಮುಗಿದ ಕೂಡಲೇ ಲೈಸೆನ್ಸ್ ಬರಲ್ಲ. ಡಿಜಿಸಿಎ ಪರೀಕ್ಷೆಗಳು, ವಿಮಾನದ ಮೇಲೆ ಕೆಲಸ ಮಾಡಿದ ಅನುಭವ ಎರಡೂ ಬೇಕು. ತಾಳ್ಮೆಯ ದಾರಿ.

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು. ವಿಮಾನ ಈಗ ನಮಗೆ ತೀರಾ ದೂರದ ವಿಷಯ ಅಲ್ಲ. ಅದರಲ್ಲಿ ಕೂರೋರ ಬಗ್ಗೆ ಎಲ್ಲರೂ ಮಾತಾಡ್ತಾರೆ, ಅದರ ವೈರ್ ಕಟ್ಟೋರ ಬಗ್ಗೆ ಯಾರೂ ಮಾತಾಡಲ್ಲ.

ಮೊನ್ನೆ ಆ ಹುಡುಗ ಮತ್ತೆ ಸಿಕ್ಕಿದ್ದ. ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿ, "ಹಂಗಾದ್ರೆ ಮ್ಯಾಥ್ಸ್ ಬಿಡೋ ಹಾಗಿಲ್ಲ ಅಲ್ವಾ ಅಣ್ಣ?" ಅಂದ. ಬಿಡಬೇಡ ಅಂದೆ. ಬಿಟ್ಟವನು ಹೇಳ್ತಿದ್ದೀನಿ, ಬಿಡಬೇಡ.